ಶೂಗೆ ಎಲಾಸ್ಟಿಕ್ ಹಾಕಿದ ಕಥೆ
ಹದಿನೆಂಟು ವರ್ಷದಿಂದ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ. ಎದುರಿಗೆ ನಿಂತವರನ್ನು ಒಮ್ಮೆ ನೋಡಿದರೆ ಸಾಕು, ಟೇಪು ಮುಟ್ಟದೆಯೇ ಸೊಂಟದ ಸುತ್ತಳತೆ ಹೇಳಬಲ್ಲೆ. ಇಂಥ ನನಗೆ, ದಿನವಿಡೀ ಕತ್ತರಿ ಹಿಡಿದು ನಿಂತೂ ನಿಂತೂ ಹಿಮ್ಮಡಿ ನೋವು ಬಂತು. "ಒಳ್ಳೆ ಶೂ ಹಾಕ್ಕೊಂಡು ದಿನಾ ಬೆಳಿಗ್ಗೆ ನಡೀರಮ್ಮಾ" ಎಂದರು ಡಾಕ್ಟರು. ನಾನು ಮನೆಗೆ ಬಂದು ಘೋಷಿಸಿದೆ: "ಬೆಳಿಗ್ಗೆ ಹನ್ನೊಂದು ಗಂಟೆಯೊಳಗೆ ಶೂ ತಂದೇ ತರ್ತೀನಿ."

ಪೇಪರಿನ ಹಿಂದಿನಿಂದ ಯಜಮಾನರು ಕೇಳಿದರು, "ಯಾರ ಕಾಲಿಗೆ?"

"ನನ್ನ ಕಾಲಿಗೆ."

"ಹಾಗಾದ್ರೆ ಬರೀ ಗಂಟೆ ಹೇಳು, ತಾರೀಕು ಹೇಳಬೇಡ."

ಅವರ ಮಾತಲ್ಲೂ ಹುರುಳಿತ್ತು. ನನ್ನ ಪಾದ ಉದ್ದಕ್ಕೆ ಸಾಧಾರಣ, ಅಗಲಕ್ಕೆ ಧಾರಾಳ. ಬೆರಳುಗಳು ಆಸ್ತಿ ಪಾಲಾದ ಅಣ್ಣತಮ್ಮಂದಿರ ಹಾಗೆ ದೂರ ದೂರ ನಿಂತಿವೆ.

ಮರುದಿನ ಅಂಗಡಿಯಲ್ಲಿ ನೇರಳೆ ಬಣ್ಣದ ಓಟದ ಶೂ ನನ್ನ ಮನಸ್ಸಿಗೆ ಹಿಡಿಸಿತು, ಕಾಲಿಗೆ ಹಿಡಿಸಲಿಲ್ಲ. ನನ್ನ ಸೈಜಿನದು ಅಗಲಕ್ಕೆ ಬಿಗಿ; ಒಂದು ಸೈಜು ದೊಡ್ಡದು ಹಾಕಿದರೆ ಮುಂದೆ ಎರಡು ಬೆರಳು ಖಾಲಿ, ನಡೆದರೆ ಹಿಮ್ಮಡಿ ಜಾರಿ ಹೊರಗೆ. "ಚಿಕ್ಕದೇ ತಗೊಳ್ಳಿ ಮೇಡಂ, ಹಾಕ್ತಾ ಹಾಕ್ತಾ ಹಿಗ್ಗುತ್ತೆ" ಎಂದ ಅಂಗಡಿಯಾತ. ಗಡಿಯಾರ ಹತ್ತೂಮುಕ್ಕಾಲು ತೋರಿಸುತ್ತಿತ್ತು. ತಗೊಂಡೆ.

ಮನೆಯಲ್ಲಿ ನಡುಮನೆಯ ಉದ್ದಕ್ಕೆ ನಾಲ್ಕು ಸಲ ನಡೆಯುವಷ್ಟರಲ್ಲಿ ಕಿರುಬೆರಳಿಗೆ ಜೀವವೇ ಇರಲಿಲ್ಲ.

"ವಾಪಸ್ ಕೊಟ್ಟುಬಿಡು" ಎಂದರು ಯಜಮಾನರು.

"ಯಾಕೆ ಕೊಡಲಿ? ಗಿರಾಕಿಗಳ ಅಂಗಿ ಬಿಗಿಯಾದರೆ ಬದಿ ಬಿಚ್ಚಿ ಪಟ್ಟಿ ಸೇರಿಸೋದಿಲ್ವೇ?"

"ಅದು ಶೂ ಕಣೇ."

"ಕಾಲಿನ ಅಂಗಿ ಅಂದ್ಕೊಳ್ಳಿ."

ಶೂಗಳ ಎರಡೂ ಬದಿ ಸೀಳಿದೆ. ಲಂಗಕ್ಕೆ ಹಾಕುವ ಅಗಲ ಎಲಾಸ್ಟಿಕ್ ತುಂಡುಗಳನ್ನು ನಡುವೆ ಇಟ್ಟು ಮಷಿನ್ ತುಳಿದೆ. ಮೂರು ಸೂಜಿ ಮುರಿದವು. ಉಳಿದದ್ದನ್ನು ದಪ್ಪ ದಾರದಲ್ಲಿ ಕೈಯಲ್ಲೇ ಹೊಲಿದೆ. ಹಾಕಿ ನೋಡಿದರೆ, ಆಹಾ, ಪಾದ ನಿಟ್ಟುಸಿರು ಬಿಟ್ಟಿತು. ಇದೇ ಕಸುಬು ಶುರು ಮಾಡಿದರೆ ಹೇಗೆ ಎಂದು ಮನಸ್ಸಿನಲ್ಲೇ ಬೋರ್ಡನ್ನೂ ಬರೆಸಿದೆ.

ಮಾರನೆಯ ಬೆಳಿಗ್ಗೆ ಪಾರ್ಕಿನಲ್ಲಿ ಮೊದಲ ಸುತ್ತಿಗೇ ಯಜಮಾನರನ್ನು ಹಿಂದೆ ಹಾಕಿದೆ. ಎರಡನೆಯ ಸುತ್ತಿನಲ್ಲಿ ತಿರುಗಿ ನೋಡಿ ನಕ್ಕೆ. ಮೂರನೆಯ ಸುತ್ತಿನ ತಿರುವಿನಲ್ಲಿ ಚರ್ ಎಂದಿತು. ನಾನು ಎಡಕ್ಕೆ ತಿರುಗಿದೆ, ಶೂ ನೆಟ್ಟಗೆ ಹೋಯಿತು. ಬಲಗಾಲು ಬದಿಯ ಬಾಗಿಲಿನಿಂದ ಇಡಿಯಾಗಿ ಹೊರಬಂತು. ಆಗಷ್ಟೇ ನೀರು ಬಿಟ್ಟಿದ್ದ ಹೂವಿನ ಪಾತಿಯಲ್ಲಿ ನಾನು ಕುಳಿತಿದ್ದೆ.

ಯಜಮಾನರು ಬಂದು ಶೂ ಎತ್ತಿ ನೋಡಿದರು. "ಒಂದೆರಡು ಗುಂಡಿನೂ ಇಡಬೇಕಿತ್ತು" ಎಂದರು.

ಸಂಜೆ, ಬಜಾರಿನ ತುದಿಯ ಹಳೇ ಶೂ ಅಂಗಡಿಗೆ ಹೋದೆ. ಅಂಗಡಿಯ ಅಜ್ಜಿ ಯಾವ ಸೈಜು ಎಂದು ಕೇಳಲೇ ಇಲ್ಲ. ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್ ಎಳೆದರು.

"ಕೂತ್ಕೊಂಡು ಅಳತೆ ಕೊಟ್ರೆ ಪಾದ ಸುಳ್ಳು ಹೇಳುತ್ತೆ ತಾಯಿ. ಭಾರ ಬಿದ್ದಾಗಲೇ ಅದರ ನಿಜ ಬಣ್ಣ. ಅಳತೆ ಕೊಡೋಕೆ ಸಂಜೆನೇ ಒಳ್ಳೇದು, ಅಷ್ಟೊತ್ತಿಗೆ ಇನ್ನೂ ಸ್ವಲ್ಪ ಊದಿರುತ್ತೆ."

ಆಮೇಲೆ ಒಳಗಿನಿಂದ ಬೂದು ಬಣ್ಣದ, ಮೂತಿ ಅಗಲವಾದ ಒಂದು ಜೊತೆ ತಂದರು. ಕಾಲು ಸಲೀಸಾಗಿ ಒಳಗೆ ಹೋಯಿತು. ಐದೂ ಬೆರಳು ಕೈಕಾಲು ಚಾಚಿ ಮಲಗಿದವು.

"ಇದು ಗಂಡಸರ ಸಾಲಿಂದು. ಪರವಾಗಿಲ್ವಾ?"

"ನನ್ನ ಬೆರಳಿಗೆ ಆ ಭೇದ ಇಲ್ಲ, ಕಟ್ಟಿಕೊಡಿ" ಎಂದೆ.

ಒಂದು ವಾರ ನಡೆದೆ. ಹಿಮ್ಮಡಿ ನೋವು ಅರ್ಧಕ್ಕಿಳಿಯಿತು, ನನ್ನ ಮಾತು ದುಪ್ಪಟ್ಟಾಯಿತು. ಗಂಡಸರ ಸಾಲಿನ ವಿಷಯ ಮಾತ್ರ ಮನೆಯಲ್ಲಿ ಬಾಯಿ ಬಿಡಲಿಲ್ಲ.

ಭಾನುವಾರ ಎದ್ದು ನೋಡಿದರೆ ಶೂ ಇಲ್ಲ. ಸ್ವಲ್ಪ ಹೊತ್ತಿಗೆ ಯಜಮಾನರು ಅದನ್ನೇ ಹಾಕಿಕೊಂಡು, ಬೆವರು ಒರೆಸುತ್ತಾ ಒಳಗೆ ಬಂದರು. ಎಷ್ಟಾದರೂ ಗಂಡಸಿನ ಕಾಲು. ನನಗೆ ಪಾಪ ಅನ್ನಿಸಿತು.

"ನನ್ನ ಶೂ ಯಾಕ್ರೀ ಹಾಕ್ಕೊಂಡ್ರಿ? ಬಿಗಿಯಾಗಿ ಕಾಲು ನೊಂದಿರುತ್ತೆ, ಬಿಸಿನೀರು ಕೊಡ್ಲಾ?"

"ಏನೂ ಬೇಡ. ಬಹಳ ಆರಾಮಾಗಿದೆ ಕಣೇ" ಎಂದು ಅವರು ಕುರ್ಚಿಯಲ್ಲಿ ಕುಳಿತು ಶೂ ಬಿಚ್ಚಿದರು. "ಮೂರು ಜೊತೆ ಕಾಲುಚೀಲ ಹಾಕಿದ ಮೇಲೆ ಸರಿಹೋಯ್ತು."