ಧಣಿಗೆ ಶಿಸ್ತು ಬಂದ ತಿಂಗಳು

ಉದ್ಯಮಿಗಳಿಗೆ ಶಿಸ್ತು ಬರುವುದು ನಮ್ಮ ಕಡೆ ಮಳೆಗಾಲದ ಜ್ವರ ಬಂದ ಹಾಗೆ, ವರ್ಷಕ್ಕೊಮ್ಮೆ ತಪ್ಪುವುದಿಲ್ಲ. ವ್ಯತ್ಯಾಸ ಇಷ್ಟೇ: ಬರುವುದು ಧಣಿಗಳಿಗೆ, ನರಳುವುದು ಕೆಲಸದವರು. ಕುಂದಾಪುರದಿಂದ ಶಿರೂರಿನವರೆಗೆ ಮೂರು ಗೇರುಬೀಜ ಕಾರ್ಖಾನೆಗಳಲ್ಲಿ ನಾನು ಮೇನೇಜರ್ ಆಗಿ ದುಡಿದಿದ್ದೇನೆ. ಮೊದಲನೆಯ ಧಣಿ ಯೋಗ ಹಿಡಿದು, ಸೊಂಟ ಹಿಡಿದ ಮೇಲೆ ಬಿಟ್ಟರು. ಎರಡನೆಯವರು ದಿನಚರಿ ಬರೆಯಲು ಹೊರಟು ಜನವರಿ ಒಂಬತ್ತಕ್ಕೆ ನಿಲ್ಲಿಸಿದರು. ಈಗಿನವರದು ಮಾತ್ರ ಅಷ್ಟು ಬೇಗ ಇಳಿಯುವ ಜ್ವರವಾಗಿರಲಿಲ್ಲ.

ಕಾರ್ಖಾನೆ ಇರುವುದು ಬೈಂದೂರು ದಾಟಿ ಶಿರೂರಿನ ದಾರಿಯಲ್ಲಿ. ಧಣಿಯ ಮನೆ ಬ್ರಹ್ಮಾವರ. ಈ ಸಲ ದೀಪಾವಳಿ ಹತ್ತಿರ ಬಂದರೂ ಆರ್ಡರ್ ಇರಲಿಲ್ಲ. ವರ್ಷಪೂರ್ತಿ ಮಾಲು ಕೊಳ್ಳುವ ಒಬ್ಬನಾದರೂ ಸಿಗದಿದ್ದರೆ ಹಿಂದಿನ ಶೆಡ್ ಮುಚ್ಚುವುದೇ ಎಂದು ಧಣಿ ಹೇಳಿಬಿಟ್ಟಿದ್ದರು. ಆ ಶೆಡ್ಡಿನಲ್ಲಿ ಅರವತ್ತು ಹೆಂಗಸರು ಬೀಜದ ಸಿಪ್ಪೆ ತೆಗೆಯುತ್ತಾರೆ. ಅವರ ಮೇಲ್ವಿಚಾರಣೆಯ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ನನಗಿಂತ ಚಿಕ್ಕವಳಾದರೂ ನಾನೂ ಹಾಗೇ ಕರೆಯುತ್ತೇನೆ. ಉಳಿದದ್ದು ಎರಡು ಆಸೆ: ಹುಬ್ಬಳ್ಳಿಯ ಹಳೆಯ ಗಿರಾಕಿ ಮತ್ತು ಮುಂಬೈಯ ಹೊಸ ಗಿರಾಕಿ. ಇಬ್ಬರಿಗೂ ಒಂದೊಂದು ಫೋನ್ ಮಾಡಬೇಕಾದ ವಾರದಲ್ಲಿ ಧಣಿ ಕೋಡಿಯ ಸಮುದ್ರತೀರದಲ್ಲಿ ನಡೆದ ಮೂರು ದಿನದ ಶಿಬಿರಕ್ಕೆ ಹೋದರು. ಬಿಸಿನೆಸ್ ನಾಯಕರಿಗೆ ಸ್ವಯಂಶಿಸ್ತು ಮತ್ತು ಏಕಾಗ್ರತೆ ಕಲಿಸುವ ಶಿಬಿರವಂತೆ. ಕಲಿಸಿದವರನ್ನು ಧಣಿ ಆಮೇಲೆ ಗುರುಗಳು ಎಂದೇ ಹೇಳತೊಡಗಿದರು.

೧. ನಾಲ್ಕೂವರೆ

ಶಿಬಿರ ಮುಗಿದ ಮರುದಿನ ಬೆಳಗಿನ ನಾಲ್ಕು ಮೂವತ್ತೈದಕ್ಕೆ ನನ್ನ ಫೋನ್ ಬಡಿದುಕೊಂಡಿತು. ಆ ಹೊತ್ತಿಗೆ ಬರುವ ಫೋನಿಗೆ ನಮ್ಮಲ್ಲಿ ಒಂದೇ ಅರ್ಥ. ಯಾರು ಹೋದರೋ ಎಂದುಕೊಂಡು ಎತ್ತಿದೆ.

"ಮೇನೇಜರ್ರೆ, ನಾನ್ ಎದ್ದೆ" ಎಂದರು ಧಣಿ.

"ಸಂತೋಷ" ಎಂದೆ.

"ನಾಯಕ ಆದವ ನಾಲ್ಕೂವರೆಗೆ ಏಳ್ಕ್ ಅಂಬ್ರ್. ಎದ್ದಾಯ್ತ್."

"ಆಮೇಲೆ?"

ಎದ್ದ ಮೇಲೆ ಏನು ಮಾಡಬೇಕೆಂದು ಗುರುಗಳು ಹೇಳಿದ ಗಂಟೆಯಲ್ಲಿ ಧಣಿ ತೂಕಡಿಸಿದ್ದರಂತೆ; ಅದನ್ನು ಅವರೇ ಆಮೇಲೆ ಒಪ್ಪಿಕೊಂಡರು.

"ಅದಕ್ಕೇ ಫೋನ್ ಮಾಡದ್ದ್" ಎಂದರು. "ಈಗ ಎಂತ ಮಾಡೂದ್?"

ಹೀಗೆ ಎಂಟು ದಿನ ನಡೆಯಿತು. ಎಂಟನೆಯ ದಿನದ ಹೊತ್ತಿಗೆ ನಾಲ್ಕೂವರೆಗೆ ಏಳುವ ಶಿಸ್ತು ಪಕ್ಕಾ ಆಯಿತು. ನನಗೆ. ಧಣಿ ಫೋನ್ ಮಾಡಿ ಮತ್ತೆ ಮಲಗುತ್ತಿದ್ದರು.

೨. ಹತ್ತು ಉಸಿರು

ಸಿಟ್ಟು ಬಂದಾಗ ಕಣ್ಣು ಮುಚ್ಚಿ ಹತ್ತು ಸಲ ದೀರ್ಘವಾಗಿ ಉಸಿರಾಡಬೇಕು ಎಂಬುದು ಶಿಬಿರದ ಇನ್ನೊಂದು ಪಾಠ.

ಒಂದು ಸಂಜೆ ಉಡುಪಿಯಲ್ಲಿ ಕೆಲಸ ಮುಗಿಸಿ ಧಣಿಯ ಕಾರಿನಲ್ಲಿ ಕಾರ್ಖಾನೆಗೆ ಬರುತ್ತಿದ್ದೆವು. ಸಾಸ್ತಾನದ ಟೋಲಿನಲ್ಲಿ ಗಾಜಿನ ಮೇಲಿನ ಚೀಟಿಯನ್ನು ಯಂತ್ರ ಓದಲಿಲ್ಲ. ಬೇರೆ ದಿನವಾಗಿದ್ದರೆ ಧಣಿ ಬಾಗಿಲು ತೆರೆದು ಇಳಿದು, ತಮ್ಮ ಅಜ್ಜನ ಕಾಲದಿಂದ ಈ ದಾರಿ ಯಾರದ್ದು ಎಂದು ವಿವರಿಸುತ್ತಿದ್ದರು. ಅಂದು ಸ್ಟೇರಿಂಗ್ ಹಿಡಿದುಕೊಂಡೇ ಕಣ್ಣು ಮುಚ್ಚಿದರು.

ಎರಡನೆಯ ಉಸಿರಿಗೆ ಯಂತ್ರ ಚೀಟಿ ಓದಿತು. ಗೇಟು ಮೇಲೆದ್ದಿತು. ಧಣಿ ಮೂರನೆಯದರಲ್ಲಿದ್ದರು. ಮುಟ್ಟಿ ಹೇಳೋಣವೆಂದರೆ, ನಡುವೆ ನಿಲ್ಲಿಸಿದರೆ ಮೊದಲಿನಿಂದ ಎಣಿಸಬೇಕೆಂಬ ನಿಯಮ. ಹಿಂದಿನಿಂದ ಹಾರ್ನುಗಳು ಶುರುವಾದವು. ಐದನೆಯ ಉಸಿರಿಗೆ ಮೀನಿನ ಲಾರಿಯ ಡ್ರೈವರ್ ಇಳಿದು ಬಂದು ನನ್ನ ಕಿಟಕಿಯಲ್ಲಿ ಬಗ್ಗಿ ನೋಡಿದ. ಒಳಗಿನ ದೃಶ್ಯ ಕಂಡು ಅವನ ಸಿಟ್ಟು ಇಳಿಯಿತು.

"ಎಂತ ಆಯ್ತ್ ಮರಾಯ್ರೆ ಇವ್ರಿಗೆ? ಎದಿ ನೋವಾ?"

"ಇಲ್ಲ. ಮೂರು ದಿನ ಕೋಡಿಯ ಶಿಬಿರದಲ್ಲಿದ್ದು ಬಂದಿದ್ದಾರೆ."

ಅವನು ಧಣಿಯ ಮುಖವನ್ನು ಇನ್ನೊಮ್ಮೆ ನೋಡಿದ. "ಪೂರಾ ಗುಣ ಆಪುಕ್ ಮುಂಚೆ ಬಿಟ್ಟ್ ಕಳ್ಸಿರ್ ಕಾಣತ್" ಎಂದು ಹೋದ.

೩. ಡಬ್ಬಿಯೊಳಗಿನ ಮೊಬೈಲು

ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಏಕಾಗ್ರತೆಯ ಹೊತ್ತು ಎಂದು ಗೊತ್ತಾಯಿತು. ಆ ಹೊತ್ತಿನಲ್ಲಿ ಮೊಬೈಲು ಕಣ್ಣಿಗೆ ಬೀಳಬಾರದು. ಧಣಿ ಹನ್ನೆರಡಕ್ಕೆ ಚೆಂಡೆ ಬಾರಿಸುವ ಹಾಗೆ ಅದರಲ್ಲಿ ಅಲಾರಂ ಇಟ್ಟು, ಬೀಜ ತುಂಬುವ ಖಾಲಿ ಡಬ್ಬಿಯೊಂದರಲ್ಲಿ ಹಾಕಿ, ಕೋಣೆಯ ಹೊರಗೆ ಇಟ್ಟರು.

ಕೋಣೆಯ ಹೊರಗೆ ಖಾಲಿ ಡಬ್ಬಿ ಇಟ್ಟರೆ ಅದು ಪ್ಯಾಕಿಂಗಿಗೆ ಹೋಗುತ್ತದೆ. ಇಪ್ಪತ್ತು ವರ್ಷದಿಂದ ಅಲ್ಲಿಂದಲೇ ಹೋಗುವುದು. ಪ್ಯಾಕಿಂಗಿನವನು ಒಳಗೆ ನೋಡದೆ ತಕ್ಕಡಿಯ ಮೇಲಿಟ್ಟು, ಹತ್ತು ಕಿಲೋ ತೋರಿಸುವವರೆಗೆ ಬೀಜ ಸುರಿದು, ಗಾಳಿ ತೆಗೆದು, ಬಾಯಿ ಬೆಸೆದು, ಉಳಿದವುಗಳ ಜೊತೆ ಪೇರಿಸಿದ. ತೂಕ ಸರಿಯಾಗಿಯೇ ಇತ್ತು. ಇನ್ನೂರು ಗ್ರಾಂ ಬೀಜದ ಬದಲು ಇನ್ನೂರು ಗ್ರಾಂ ಮೊಬೈಲು.

ಹನ್ನೊಂದಕ್ಕೆ ಧಣಿ "ಸುಮ್ನೆ ಒಂದ್ ಸಲ ಕಾಂಬ" ಎಂದು ಹೊರಗೆ ಬಂದರು. ಡಬ್ಬಿ ಇಲ್ಲ. ಪ್ಯಾಕಿಂಗಿನಲ್ಲಿ ನಲವತ್ತು ಡಬ್ಬಿಗಳಿದ್ದವು, ಎಲ್ಲವೂ ಒಂದೇ ಮುಖದವು. ನನ್ನ ಫೋನಿನಿಂದ ಕರೆ ಮಾಡಿದೆ. ಬೆಸೆದ ತಗಡಿನೊಳಕ್ಕೆ ಕರೆ ಹೋಗಲಿಲ್ಲ. ಎಲ್ಲ ಒಡೆದು ನೋಡಿದರೆ ಅಷ್ಟನ್ನೂ ಮತ್ತೆ ಪ್ಯಾಕ್ ಮಾಡಬೇಕು.

"ಹನ್ನೆರಡಕ್ಕೆ ಚೆಂಡೆ ಹೊಡೆಯುತ್ತದಲ್ಲ" ಎಂದೆ.

ಧಣಿ ನೆಲದ ಮೇಲೆ ಕುಳಿತು ಡಬ್ಬಿಗಳ ಸಾಲಿಗೆ ಕಿವಿ ಹಚ್ಚಿದರು. ಒಂದು ಗಂಟೆ ಅಲುಗಾಡಲಿಲ್ಲ. ಚಹಾ ಬಂತು, ಬೇಡವೆಂದು ಕೈಮಾಡಿದರು. ಬ್ಯಾಂಕಿನವರು ಬಂದರು, ಹೋದರು. ಹನ್ನೆರಡಕ್ಕೆ ಮೂರನೆಯ ಸಾಲಿನಲ್ಲಿ ಎಲ್ಲೋ ದೂರದ ಬಯಲಾಟದ ಹಾಗೆ ಚೆಂಡೆ ಕೇಳಿಸಿತು.

ಇಡೀ ತಿಂಗಳಲ್ಲಿ ನಾನು ಕಣ್ಣಾರೆ ಕಂಡ ಏಕಾಗ್ರತೆ ಅದೊಂದೇ.

೪. ಮೌನ

ತಮ್ಮ ಮೊಬೈಲನ್ನು ಗೆಲ್ಲಲಾಗದ ಧಣಿ ಬೇರೆಯವರ ಬಾಯಿಯನ್ನು ಗೆಲ್ಲಲು ಹೊರಟರು. ಹಿಂದಿನ ಶೆಡ್ಡಿಗೆ ಹೋಗಿ, ಇನ್ನು ಮೇಲೆ ಕೆಲಸದ ಹೊತ್ತಿನಲ್ಲಿ ಮಾತಿಲ್ಲ, ಮಾತು ಏಕಾಗ್ರತೆಯ ಶತ್ರು ಎಂದು ಸಾರಿದರು. ಶೆಡ್ ಉಳಿಯಬೇಕಾದರೆ ಕೆಲಸ ಹೆಚ್ಚಬೇಕು ಎಂದೂ ಸೇರಿಸಿದರು. ಅದನ್ನು ಕೇಳಿ ಅರವತ್ತು ಹೆಂಗಸರೂ ತಲೆ ತಗ್ಗಿಸಿದರು.

ಆ ಶೆಡ್ಡಿನಲ್ಲಿ ಮಾತು ನಿಂತದ್ದನ್ನು ನಾನು ಅದೇ ಮೊದಲು ಕಂಡದ್ದು. ಮದುವೆ, ಬಾಣಂತನ, ಬಂಗುಡೆಯ ರೇಟು, ನಾದಿನಿಯ ಸೊಕ್ಕು ಎಲ್ಲ ನಿಂತವು. ಕತ್ತಿಯ ಸದ್ದು ಮಾತ್ರ. ಧಣಿ ಬಾಗಿಲಲ್ಲಿ ನಿಂತು ದೇವಸ್ಥಾನ ನೋಡಿದವರ ಹಾಗೆ ನೋಡಿದರು.

ಮೂರನೆಯ ದಿನ ಸಂಜೆ ತೂಕ ಹಾಕಿದಾಗ ಶೆಡ್ಡಿಗೆ ಹೋದ ಬೀಜಕ್ಕೂ ಹೊರಗೆ ಬಂದ ಬೀಜಕ್ಕೂ ತಾಳೆಯಾಗಲಿಲ್ಲ. ಸಿಪ್ಪೆಯನ್ನೂ ತೂಗಿ ನೋಡಿದೆವು. ಧಣಿ ಅಕ್ಕನನ್ನು ಕರೆಸಿದರು.

"ಮಾತಿಲ್ದೆ ಕೆಲ್ಸ ಮಾಡದ್ರೂ ಬೀಜ ಕಮ್ಮಿ ಬತ್ತಿತ್ತಲೆ, ಎಂತಕೆ?"

ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. "ಧಣಿ, ಬಾಯಿ ಅಂದ್ರೆ ಬಾಯಿ. ಅದ್ಕೆ ಎಂತಾರೂ ಒಂದ್ ಕೆಲ್ಸ ಬೇಕ್. ಮಾತಾಡೂ ಬಾಯಿ ಬೀಜ ತಿಂತಿಲ್ಲೆ."

ಮರುದಿನ ಬೆಳಿಗ್ಗೆಯಿಂದ ನಾದಿನಿಯ ಸೊಕ್ಕು ಮತ್ತೆ ಶುರುವಾಯಿತು. ತೂಕವೂ ಸರಿಹೋಯಿತು.

೫. ಮರಳಿನ ಗಡಿಯಾರ

ಹುಬ್ಬಳ್ಳಿಯ ಗಿರಾಕಿ ಹದಿನೈದು ವರ್ಷದಿಂದ ಬರುವವರು. ಅವರ ವ್ಯಾಪಾರಕ್ಕೆ ಒಂದು ಕ್ರಮ ಇತ್ತು. ಮೊದಲು ಎಳನೀರು, ಆಮೇಲೆ ಎರಡೂ ಮನೆಯವರ ಆರೋಗ್ಯ, ಆಮೇಲೆ ಮೀನೂಟದ ವಾಸನೆಯಿಂದ ದೂರದ ಒಂದು ಹೋಟೆಲಿನಲ್ಲಿ ಊಟ, ಊಟದ ಮೇಲೆ ಎಲೆ ಅಡಿಕೆ. ಎಲೆಗೆ ಸುಣ್ಣ ಹಚ್ಚುವಾಗ ಅವರು "ಮತ್ತ ರೇಟು?" ಎನ್ನುತ್ತಿದ್ದರು. ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು.

ಈ ಸಲ ಅವರು ಬಂದಾಗ ಧಣಿಯ ಮೇಜಿನ ಮೇಲೆ ಮರಳಿನ ಗಡಿಯಾರ ಇತ್ತು. ಶಿಬಿರದಲ್ಲಿ ಕೊಟ್ಟದ್ದು. ಯಾವ ಭೇಟಿಯೂ ಐದು ನಿಮಿಷ ಮೀರಬಾರದು.

ಧಣಿ ಅದನ್ನು ತಿರುಗಿಸಿಟ್ಟು "ಹೇಳಿ" ಎಂದರು.

ಹುಬ್ಬಳ್ಳಿಯವರು ಆಗಿನ್ನೂ ಚಪ್ಪಲಿ ಬಿಡುತ್ತಿದ್ದರು. ಮರಳು ಇಳಿಯುವುದನ್ನು ನೋಡುತ್ತ ನಿಧಾನಕ್ಕೆ ಕುಳಿತರು. "ಯಪ್ಪಾ, ನನಗ ಕುಂದ್ರಾಕ ಐದು ಮಿನಿಟ ಬೇಕ್ರಿ" ಎಂದರು. "ಮನ್ಯಾಗ ಎಲ್ಲಾ ಆರಾಮ?"

"ವಿಷಯಕ್ಕೆ ಬನ್ನಿ" ಎಂದರು ಧಣಿ.

ಹುಬ್ಬಳ್ಳಿಯವರು ಕೈಕಟ್ಟಿಕೊಂಡು, ಕೊನೆಯ ಹರಳು ಬೀಳುವವರೆಗೂ ಗಡಿಯಾರವನ್ನೇ ನೋಡಿದರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಅವರನ್ನು ಗೇಟಿನವರೆಗೆ ಬಿಡಲು ನಾನು ಹೋದೆ.

"ಹದಿನೈದು ವರ್ಷದ ಬಳಕಿ" ಎಂದರು. "ಒಂದು ಮುಷ್ಟಿ ಉಸುಕಿನಾಗ ಮುಗಿಸಿದ್ರು ನೋಡ್ರಿ ನಿಮ್ಮ ಧಣೇರು."

ಒಳಗೆ ಬಂದಾಗ ಧಣಿ ಸಂತೋಷದಲ್ಲಿದ್ದರು. ಭೇಟಿ ಸರಿಯಾಗಿ ಐದು ನಿಮಿಷಕ್ಕೆ ಮುಗಿದಿತ್ತು.

೬. ಬೀಗ

ಇನ್ನು ಉಳಿದದ್ದು ಮುಂಬೈಯವರು ಮಾತ್ರ. ಅವರು ಮಾಲು ನೋಡಲು ಬರುವ ದಿನ ಗೊತ್ತಾಗಿತ್ತು, ಮಧ್ಯಾಹ್ನ ಮೂರಕ್ಕೆ. ಶೆಡ್ಡಿನಲ್ಲಿ ಎಲ್ಲರಿಗೂ ಆ ದಿನ ಬಾಯಿಪಾಠ.

ಅಷ್ಟರಲ್ಲಿ ಗುರುಗಳು ಫೋನಿನಲ್ಲಿ ಹೊಸ ಉಪಾಯ ಹೇಳಿದರು. ಕೂತಲ್ಲಿಂದ ಏಳಿಸುವ ಕಾಲೇ ಏಕಾಗ್ರತೆಗೆ ದೊಡ್ಡ ಅಡ್ಡಿ, ಆದ್ದರಿಂದ ಹೊರಗಿನಿಂದ ಬೀಗ ಹಾಕಿಸಿಕೊಳ್ಳಿ ಎಂದು. ಧಣಿ ಕೀಲಿಕೈಯನ್ನು ನನಗೆ ಕೊಟ್ಟರು.

"ಹತ್ತರಿಂದ ಹನ್ನೆರಡು. ನಾನೇ ಹೇಳಿರೂ ತೆಗೂಕಾಗ. ಬೈದ್ರೂ ತೆಗೂಕಾಗ."

ಮೊದಲ ದಿನ ಹತ್ತೂ ಇಪ್ಪತ್ತಕ್ಕೇ ಬಾಗಿಲು ಬಡಿದರು. ಕನಿಕರದಿಂದ ತೆಗೆದೆ. ಹೊರಗೆ ಬಂದವರು ಎಲ್ಲರೆದುರು ನನ್ನನ್ನು ಅರ್ಧ ಗಂಟೆ ಬೈದರು: "ನಿಮ್ಗೆ ಶಿಸ್ತೇ ಇಲ್ಲೆ. ಇನ್ನೊಂದ್ ಸಲ ತೆಗ್ದ್ರೆ ನಿಮ್ಮ್ ಕೆಲ್ಸ ಹೋಯ್ತ್ ಅಂತ ತಿಳ್ಕಣಿ."

ತಿಳಿದುಕೊಂಡೆ.

ಮುಂಬೈಯವರು ಬರಬೇಕಾದ ದಿನವೂ ಹತ್ತಕ್ಕೆ ಬೀಗ ಹಾಕಿ ಕೀಲಿಕೈ ಕಿಸೆಗೆ ಸೇರಿಸಿದೆ. ಹತ್ತೂಕಾಲಿಗೆ ಅಂಗಳದಲ್ಲಿ ಕಾರು ನಿಂತಿತು. ಕೊಲ್ಲೂರಿನಲ್ಲಿ ದರ್ಶನ ಬೇಗ ಮುಗಿಯಿತೆಂದು ಮುಂಬೈಯವರು ನೇರ ಬಂದುಬಿಟ್ಟಿದ್ದರು.

ಧಣಿ ಕಿಟಕಿಯ ಸರಳು ಹಿಡಿದು ನಿಂತಿದ್ದರು. "ಹ್ವಾಯ್, ಬೀಗ ತೆಗಿನಿ."

"ಇನ್ನೂ ಒಂದು ಗಂಟೆ ನಲವತ್ತೈದು ನಿಮಿಷ ಇದೆ" ಎಂದೆ.

ಅವರು ಬೈದರು. ಬೈದರೂ ತೆಗೆಯಬಾರದು ಎಂಬ ಅವರ ಮಾತನ್ನು ನೆನಪಿಸಿದೆ. ಕೆಲಸ ಹೋಗುವ ಹೆದರಿಕೆಯಿಂದಲೇ ಹಾಗೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಮುಂಬೈಯವರನ್ನು ಆ ಮೇಜಿನ ಮುಂದೆ ಕೂರಿಸಿದರೆ ಶೆಡ್ಡಿನ ಬಾಗಿಲು ಐದು ನಿಮಿಷದಲ್ಲಿ ಮುಚ್ಚುವುದು ನನಗೆ ಕಾಣುತ್ತಿತ್ತು.

ಅಕ್ಕ ಬಂದಳು. ಕಿಟಕಿ ನೋಡಿದಳು, ನನ್ನನ್ನು ನೋಡಿದಳು.

"ಕೀಲಿಕೈ ನಿಮ್ಮತ್ರವಾ?"

"ಹೌದು."

"ಅಲ್ಲೇ ಇರ್ಲಿ" ಎಂದು ಮುಂಬೈಯವರನ್ನು ಕರೆದುಕೊಂಡು ನಡೆದಳು.

ಅಕ್ಕ ಎಂಟು ವರ್ಷ ಮುಂಬೈಯ ಚಾಳಿನಲ್ಲಿದ್ದು ಹೋಟೆಲ್ ಕೆಲಸದವರಿಗೆ ಅಡುಗೆ ಮಾಡಿ ಹಾಕಿದವಳು. ಅವಳ ಹಿಂದಿ ವ್ಯಾಕರಣಕ್ಕೆ ಹೆದರುವುದಿಲ್ಲ. ಚಹಾ ಕೊಟ್ಟಳು. ಮನೆಯವರ ಸುದ್ದಿ ಕೇಳಿ, ಅವರ ತಾಯಿಗೆ ಮಂಡಿನೋವೆಂದು ತಿಳಿದು ಒಂದು ಎಣ್ಣೆ ಹೇಳಿದಳು. ಹೆಂಗಸರ ನಡುವೆ ಮಣೆ ಹಾಕಿ ಕೂರಿಸಿ ಕೈಗೆ ಕತ್ತಿ ಕೊಟ್ಟಳು. ಅವರು ನಾಲ್ಕು ಬೀಜ ಸುಲಿದು ಮೂರನ್ನು ತುಂಡು ಮಾಡಿದರು. ಶೆಡ್ ಇಡೀ ನಕ್ಕಿತು, ಅವರೂ ನಕ್ಕರು. ಪಕ್ಕದ ಮುದುಕಿಯ ಬುಟ್ಟಿಯಲ್ಲಿ ಒಂದೂ ತುಂಡು ಇಲ್ಲದ್ದನ್ನು ಕಂಡು ಅವರು ಬುಟ್ಟಿಯನ್ನೇ ಎತ್ತಿ ನೋಡಿದರು. ವ್ಯಾಪಾರ ಆದದ್ದು ಆಗಲೇ ಎಂದು ನನ್ನ ಲೆಕ್ಕ.

ಹೊರಗೆ ಬಂದಾಗ ಕಿಟಕಿಯ ಕಡೆಯಿಂದ ಕೂಗು ಕೇಳಿಸಿತು. ಅದು ಯಾರೆಂದು ಮುಂಬೈಯವರು ಕೇಳಿದರು.

"ನಮ್ಮ ಧಣಿ" ಎಂದಳು ಅಕ್ಕ ಹಿಂದಿಯಲ್ಲಿ. "ವ್ರತದಲ್ಲಿದ್ದಾರೆ. ಹನ್ನೆರಡಕ್ಕೆ ಮುಂಚೆ ಯಾರನ್ನೂ ಕಾಣುವುದಿಲ್ಲ. ಈಗ ಮಂತ್ರ ಹೇಳುತ್ತಿದ್ದಾರೆ."

ಮುಂಬೈಯವರು ಚಪ್ಪಲಿ ಕಳಚಿ, ಕಿಟಕಿಯತ್ತ ತಿರುಗಿ ಭಕ್ತಿಯಿಂದ ಕೈಮುಗಿದರು. ಧಣಿಗೆ ಬೇರೆ ದಾರಿ ಇರಲಿಲ್ಲ. ತಾವೂ ಕೈಮುಗಿದು, ಹಿಂದೆ ಸರಿದು, ಕಣ್ಣು ಮುಚ್ಚಿ ಕುಳಿತರು.

ಹನ್ನೊಂದೂವರೆಗೆ ಮುಂಬೈಯವರು ನನ್ನ ಮೇಜಿನ ಮೇಲೆ ವರ್ಷದ ಆರ್ಡರಿಗೆ ಸಹಿ ಹಾಕಿ ರೈಲಿಗೆ ಹೊರಟರು. ಹನ್ನೆರಡಕ್ಕೆ ಬೀಗ ತೆಗೆದು ಕಾಗದವನ್ನು ಧಣಿಯ ಕೈಗಿಟ್ಟೆ. ನನ್ನನ್ನು ಬೈಯಲು ಬಾಯಿ ತೆರೆದವರು ಅದನ್ನು ಎರಡು ಸಲ ಓದಿದರು. ಆಮೇಲೆ ಫೋನ್ ಎತ್ತಿದರು.

"ಗುರುಗಳೇ, ಇವತ್ತು ಎರಡು ಗಂಟೆ ಪೂರ್ತಿ ಏಕಾಗ್ರತೆಯಲ್ಲಿ ಕೂತೆ. ವರ್ಷದ ಆರ್ಡರ್ ತನ್ನಷ್ಟಕ್ಕೇ ಬಂತು."

ನಾನು ಶೆಡ್ಡಿಗೆ ಹೋದೆ. ಅರವತ್ತು ಕತ್ತಿಗಳೂ ನಿಂತವು. ಶೆಡ್ ಮುಚ್ಚುವುದಿಲ್ಲ ಎಂದು ಹೇಳಿದೆ. ಯಾರೋ ಮುದುಕಿ ಮೂಗು ಒರೆಸಿಕೊಂಡಳು. ಧಣಿ ಫೋನಿನಲ್ಲಿ ಹೇಳಿದ್ದನ್ನೂ ಅಕ್ಕನಿಗೆ ಹೇಳಿದೆ.

ಅಕ್ಕ ಬುಟ್ಟಿಯಿಂದ ತಲೆ ಎತ್ತಲಿಲ್ಲ.

"ಎರ್ಡ್ ಗಂಟಿ ಕೂಕಂಡದ್ದಕ್ಕೆ ಇಷ್ಟ್ ಆಯ್ತ್ ಅಂದ್ರೆ," ಎಂದಳು, "ನಾಳಿಂದ ಸಂಜಿ ತನ್ಕ ಬೀಗ ತೆಗೂದೇ ಬ್ಯಾಡ."