ಕೊಸರಿಗೊಂದು ಕಾಲಂ ಬೇಡಿ ವ್ಯಾಪಾರ ಒಪ್ಪಂದಕ್ಕೆ ಬರೆದುಕೊಂಡದ್ದು

ಮಾನ್ಯ ಪ್ರಾದೇಶಿಕ ವ್ಯಾಪಾರ ಒಪ್ಪಂದದವರೇ,

ನಮ್ಮ ಕಡಲಿನ ಸಣ್ಣಪುಟ್ಟ ದ್ವೀಪಗಳನ್ನೆಲ್ಲ ಒಂದೇ ಸಂತೆಯನ್ನಾಗಿ ಮಾಡಿದ, ಅನುಬಂಧದ ಮೇಲೆ ಅನುಬಂಧ ಹೊತ್ತು ದಿನೇ ದಿನೇ ಮೈ ತುಂಬಿಕೊಳ್ಳುತ್ತಿರುವ ತಮ್ಮ ಪಾದಗಳಿಗೆ, ಪಾದಗಳಿರುವುದಾದರೆ, ಡೊಮಿನಿಕಾದ ಲಾ ಪ್ಲೇನ್ ಊರಿನ ಮೆಣಸಿನ ಸಾಸ್ ಮಹಿಳಾ ಸಂಘದ ಅಧ್ಯಕ್ಷೆ ಕ್ಲೋಥಿಲ್ಡಾ ಆಂಟ್ವಾನ್ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ಪತ್ರಿಕೆಗಳಲ್ಲಿ ಓದುತ್ತಿರುತ್ತೇನೆ. ಮಳೆ ಬಾರದಿದ್ದರೆ ನಾವೂ ಕ್ಷೇಮ.

ಮಳೆಯ ಮಾತೇಕೆ ಬಂತೆಂದರೆ, ಕಳೆದ ಚಂಡಮಾರುತವು ನಮ್ಮ ಸಂಘದ ಅಡುಗೆಮನೆಯ ತಗಡಿನ ಚಾವಣಿಯನ್ನು ಯಾವ ರಫ್ತು ಪರವಾನಗಿಯೂ ಇಲ್ಲದೆ ಕಡಲಾಚೆಗೆ ಸಾಗಿಸಿಬಿಟ್ಟಿತು. ಅಂದಿನಿಂದ ನಾವು ನೀಲಿ ಟಾರ್ಪಾಲಿನ ಕೆಳಗೆ ಸಾಸ್ ಕುದಿಸುತ್ತ, ಗಾಳಿ ಎದ್ದಾಗ ಒಬ್ಬಳು ಸೌಟನ್ನೂ ಉಳಿದವರೆಲ್ಲ ಟಾರ್ಪಾಲನ್ನೂ ಹಿಡಿದುಕೊಂಡು ನಿಲ್ಲುತ್ತಿದ್ದೇವೆ. ಹೊಸ ಚಾವಣಿ ಬರಬೇಕಾದರೆ ರಸ್ತೆಬದಿಯ ಮಾರಾಟ ಸಾಲದು, ಹೊರಗಿನ ಗಿರಾಕಿ ಸಿಗಬೇಕು.

ಹೀಗಿರುವಾಗ ರೋಸೋ ಪಟ್ಟಣದಲ್ಲಿ ತಮ್ಮ ಗುಣಗಾನಕ್ಕೆಂದೇ ಏರ್ಪಡಿಸಿದ್ದ ರಫ್ತು ತರಬೇತಿಗೆ ನಾನು ಹೋದೆ. ಗೋಡೆಯ ನಕ್ಷೆಯಲ್ಲಿ ನಮ್ಮ ದ್ವೀಪದಿಂದ ಎಲ್ಲ ದಿಕ್ಕಿಗೂ ಬಾಣಗಳು ಹೊರಟಿದ್ದವು. ಅರ್ಥವಾದುದಕ್ಕೆ ಒಮ್ಮೆ, ಅರ್ಥವಾಗದ್ದಕ್ಕೆ ಎರಡು ಸಲ ತಲೆಯಾಡಿಸಿ, ಕೋಳಿ ಊಟ ಮುಗಿಸಿ, ಪ್ರಮಾಣಪತ್ರ ಹಿಡಿದು ಊರಿಗೆ ಬಂದ ನನ್ನ ನಡಿಗೆ ನೋಡಿ ನಮ್ಮ ಸಂಘದ ಓನೊರೀನ್, "ಏನೇ, ಬಸ್ಸಿಂದ ಇಳಿದ್ಯೋ ವಿಮಾನದಿಂದ ಇಳಿದ್ಯೋ?" ಎಂದು ಕೇಳಿದ್ದಳು. ಪ್ರಮಾಣಪತ್ರವನ್ನು ಒಲೆಯ ಮೇಲ್ಗಡೆಯೇ ನೇತುಹಾಕಿದೆ, ಸಾಸಿಗೂ ಗೊತ್ತಿರಲಿ ಎಂದು.

ಅಷ್ಟರಲ್ಲಿ ನೆರೆಯ ದ್ವೀಪದ ಹೋಟೆಲೊಂದು ಪ್ರವಾಸಿಗರ ಹಂಗಾಮಿಗೆ ಪೆಟ್ಟಿಗೆಗಟ್ಟಲೆ ಸಾಸ್ ಕೇಳಿತು. ಹಿಡಿಸಿದರೆ ವರ್ಷವಿಡೀ ಕೊಳ್ಳುತ್ತೇವೆಂದಿತು. ಪೆಟ್ಟಿಗೆಗೆ ಹನ್ನೆರಡು ಸೀಸೆ ಎಂದು ಸುಂಕದ ಕಾಗದದಲ್ಲಿ ನಾನೇ ಬರೆದೆ. ತುಂಬಿದವಳು ನಮ್ಮಲ್ಲಿ ಹಿರಿಯಳಾದ ಮಾ ಜಾಬೆತ್. ಹರೆಯದಿಂದಲೂ ದೋಣಿಯೇರಿ ದ್ವೀಪದಿಂದ ದ್ವೀಪಕ್ಕೆ ಗೆಡ್ಡೆ, ಬಾಳೆಕಾಯಿ ಮಾರಿದವಳು. ಆಕೆ ಒಂದೊಂದು ಪೆಟ್ಟಿಗೆಯಲ್ಲೂ ಒಣ ಬಾಳೆಲೆ ಸುತ್ತಿದ ಇನ್ನೊಂದು ಸೀಸೆ ತುರುಕುತ್ತ, "ಲೆಕ್ಕಕ್ಕೆ ಸರಿಯಾಗಿ ಕೊಟ್ಟು ಕೈ ಒರೆಸ್ಕೊಂಡ್ರೆ ಗಿರಾಕಿ ಮತ್ತೆ ಬರ್ತಾನೇನೇ ಮಗಳೇ? ಕೊಸರು ಬೇಡ್ವಾ?" ಎಂದಳು. ಕೊಸರಿಲ್ಲದೆ ನಮ್ಮಲ್ಲಿ ಯಾರೂ ಒಂದು ಕಟ್ಟು ಸೊಪ್ಪನ್ನೂ ಮಾರಿದವರಲ್ಲ. ತರಬೇತಿ ಪಡೆದ ನಾನು ತಡೆಯುವುದಿರಲಿ, ಆ ಸೀಸೆಗಳಿಗೆ ಕೆಂಪು ರಿಬ್ಬನ್ ಕಟ್ಟಿದೆ. ಕಾಗದದಲ್ಲಿ ಮಾತ್ರ ಬರೆಯಲಿಲ್ಲ. ಕೊಸರನ್ನೂ ಲೆಕ್ಕಕ್ಕೆ ಹಿಡಿದರೆ ಅದು ಕೊಸರು ಹೇಗಾದೀತು?

ಆ ದ್ವೀಪದ ಬಂದರಿನಲ್ಲಿ ಸುಂಕದವರು ಎಣಿಸಿದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂದು ತಿಳಿದೂ ನಾನು ಫೋನಿನಲ್ಲಿ ಅಲ್ಲಿನ ಅಧಿಕಾರಿಗೆ ಚಾವಣಿಯ ಕಥೆ, ಟಾರ್ಪಾಲಿನ ಕಥೆ ಎಲ್ಲವನ್ನೂ ಹೇಳಿ, ಅದು ಕಳ್ಳಮಾಲಲ್ಲ ಸ್ವಾಮಿ, ಕೊಸರು ಎಂದೆ. ಆತ ಒಳ್ಳೆಯವನೇ. "ನಮ್ಮಮ್ಮನೂ ಮಾರ್ಕೆಟ್ಟಲ್ಲಿ ಹಿಂಗೇ ಕೊಡ್ತಾಳೆ ಕಣಮ್ಮ. ಆದ್ರೆ ಕೊಸರಿಗೆ ಯಾವ ಕಾಲಂ ತುಂಬ್ಲಿ ಹೇಳು?" ಎಂದ. ಘೋಷಿಸದ ಮಾಲಿದೆಯೆಂದು ಇಡೀ ಸರಕು ಗೋದಾಮಿನಲ್ಲಿ ಉಳಿಯಿತು, ಹಂಗಾಮು ಉಳಿಯಲಿಲ್ಲ. ಹೋಟೆಲಿನವರು ಮಯಾಮಿಯಿಂದ ಸಾಸ್ ತರಿಸಿಕೊಂಡರು. ಅದರ ಸೀಸೆಯ ಮೇಲೆ ತಲೆಗೆ ಬಟ್ಟೆ ಕಟ್ಟಿ ನಗುವ ದ್ವೀಪದ ಅಜ್ಜಿಯ ಚಿತ್ರವಿದೆಯಂತೆ, ಥೇಟ್ ಮಾ ಜಾಬೆತ್. ಆ ಅಜ್ಜಿ ಯಾರಿಗೂ ಒಂದು ಹನಿ ಹೆಚ್ಚು ಕೊಟ್ಟವಳಲ್ಲ, ಆದ್ದರಿಂದ ಎಲ್ಲೂ ಅವಳನ್ನು ತಡೆಯುವುದಿಲ್ಲ.

ತಮ್ಮ ಮೇಲೆ ಸಿಟ್ಟಿಲ್ಲವೆಂದರೆ ಸುಳ್ಳಾದೀತು; ಆದರೆ ರಿಬ್ಬನ್ ಕಟ್ಟಿದ ನನ್ನ ಕೈಗಳ ಮೇಲಿರುವ ಸಿಟ್ಟು ಅದಕ್ಕಿಂತ ದೊಡ್ಡದು. ಏಕೆಂದರೆ ಈಗ ಮೋಡ ಕವಿದಾಗಲೆಲ್ಲ ಆರು ಜನ ಹೆಂಗಸರು ಮೊದಲು ಆಕಾಶ ನೋಡಿ, ಆಮೇಲೆ ನನ್ನನ್ನು ನೋಡುತ್ತಾರೆ.

ಆದ್ದರಿಂದ ಅರಿಕೆ: ತಮ್ಮ ಮುಂದಿನ ಪರಿಷ್ಕರಣೆಯಲ್ಲಿ ಕೊಸರಿಗೊಂದು ಕಾಲಂ ದಯಪಾಲಿಸಬೇಕು. ಆಗದಿದ್ದರೆ ತಾವೇ ಖುದ್ದಾಗಿ ಬಂದು, ಹನ್ನೆರಡಕ್ಕೆ ಕೈ ನಿಲ್ಲಿಸುವುದನ್ನು ಮಾ ಜಾಬೆತಳಿಗೆ ಕಲಿಸಬೇಕು. ಬರುವಾಗ ಕೊಡೆ ತನ್ನಿ. ಅದೂ ಆಗದಿದ್ದರೆ, ತಮ್ಮ ನೂರಾರು ಪುಟಗಳನ್ನು ಒಂದಕ್ಕೊಂದು ಅಂಟಿಸಿ ಕಳಿಸಿಕೊಟ್ಟರೆ ಟಾರ್ಪಾಲು ಹರಿದ ಕಡೆ ತೇಪೆ ಹಾಕಿಕೊಳ್ಳುತ್ತೇವೆ.

ನೆನೆಯುತ್ತಲೂ ತಮ್ಮನ್ನೇ ನೆನೆಯುವ,
ತಮ್ಮ ವಿಶ್ವಾಸಿ,
ಕ್ಲೋಥಿಲ್ಡಾ ಆಂಟ್ವಾನ್
(ರಫ್ತು ತರಬೇತಿ ಪಡೆದವಳು)

ಬರೆಯಲು ಮರೆತದ್ದು: ಸರಕು ನಿನ್ನೆ ದೋಣಿಯಲ್ಲಿ ವಾಪಸು ಬಂತು. ಒಂದು ಪೆಟ್ಟಿಗೆಯಲ್ಲಿ ರಿಬ್ಬನ್ನಿನ ಸೀಸೆ ಇರಲಿಲ್ಲ. ಆ ಜಾಗದಲ್ಲಿ ಹಳೆಯ ಪತ್ರಿಕೆಯಲ್ಲಿ ಕಟ್ಟಿದ ಹುಣಸೆ ಉಂಡೆಗಳಿದ್ದವು. ಆ ಸುಂಕದವನ ತಾಯಿ ಕೊಟ್ಟದ್ದೆಂದು ದೋಣಿಯವನು ಹೇಳಿದ. ಮಾ ಜಾಬೆತ್ ಎಣಿಸಿ ನೋಡಿ, "ಡಜನ್ ಮೇಲೊಂದಿದೆ. ಒಳ್ಳೇ ಮನೆತನದವಳು" ಎಂದಳು. ತಮ್ಮ ಆಶ್ರಯದಲ್ಲಿ ನಮ್ಮೆರಡು ದ್ವೀಪಗಳ ನಡುವೆ ಸುಂಕವಿಲ್ಲದೆ, ತಡೆಯಿಲ್ಲದೆ ನಡೆದ ವ್ಯಾಪಾರ ಈವರೆಗೆ ಇದೊಂದೇ. ಅದೂ ತಮಗೆ ಗೊತ್ತಿಲ್ಲದ್ದರಿಂದ ನಡೆಯಿತು.