ನಿರ್ಮಲಮ್ಮನ ವೋಟು

ಹನ್ನೊಂದನೆಯ ರೊಟ್ಟಿಯನ್ನು ಹೆಂಚಿಗೆ ಹಾಕಿ ಅದರ ಮೇಲೆ ಒದ್ದೆ ಬಟ್ಟೆ ಸವರುತ್ತಿದ್ದಾಗ ನಡುಮನೆಯಲ್ಲಿ ಗಂಡ ಯಾರನ್ನೋ ಕೂಗಿದ್ದು ನೀಲಾಂಬಿಕಳಿಗೆ ಕೇಳಿಸಿತು. ಅವಳು ಏಳಲಿಲ್ಲ. ಕೂಗಿದ ಹೆಸರು ಅವಳದಾಗಿರಲಿಲ್ಲ.

ಮಹೇಶ್ವರಪ್ಪ ಅಡಿಗೆಮನೆಯ ಬಾಗಿಲಿಗೇ ಬಂದ. ಕೈಯಲ್ಲೊಂದು ಚೀಟಿ. ಅವತ್ತು ಶಿಕಾರಿಪುರದಲ್ಲಿ ವೋಟಿನ ದಿನ. ಯಾರ ಹೆಸರು ಪಟ್ಟಿಯಲ್ಲಿ ಎಷ್ಟನೇ ನಂಬರಿಗಿದೆ ಎಂದು ಪಕ್ಷದವರು ಮನೆಮನೆಗೂ ಬರೆದು ಹಂಚಿದ ಚೀಟಿ ಅದು. ಅವನು ಇನ್ನೊಂದು ಸಲ ಓದಿದ: "ಇನ್ನೂರ ಹದಿನಾಲ್ಕು. ನಿರ್ಮಲಮ್ಮ, ಗಂಡ ಮಹೇಶ್ವರಪ್ಪ, ವಯಸ್ಸು ನಲವತ್ತೊಂದು."

ನಿರ್ಮಲಮ್ಮ ಅವನ ಮೊದಲ ಹೆಂಡತಿ. ತೀರಿಹೋಗಿ ಐದು ವರ್ಷ ದಾಟಿತ್ತು. ನೀಲಾಂಬಿಕ ಆ ಜಾಗಕ್ಕೆ ಬಂದು ನಾಲ್ಕು ವರ್ಷ, ಅವಳಿಗೀಗ ಇಪ್ಪತ್ತೆಂಟು.

"ನನ್ನ ಹೆಸರು?" ಎಂದು ಕೇಳಿದಳು.

"ನಿಂದಿಲ್ಲ ಕಣೇ. ನಿನ್ನ ಬಿಟ್ಟುಬಿಟ್ಟಿದಾರೆ."

ಬಿಟ್ಟವನ ಮುಖ ನೀಲಾಂಬಿಕಳಿಗೆ ಚೆನ್ನಾಗಿ ನೆನಪಿತ್ತು. ಪಟ್ಟಿ ಬರೆಯಲು ಬಂದ ಆ ಗುಮಾಸ್ತ ಇದೇ ಮನೆಯ ಜಗಲಿಯ ಮೇಲೆ ಅರ್ಧ ಹಗಲು ಕೂತಿದ್ದ. ಅವಳು ಮಾಡಿಕೊಟ್ಟ ಕಾಫಿಯನ್ನು ಎರಡು ಲೋಟ ಕುಡಿದು, ಅವಲಕ್ಕಿ ತಿಂದು, ಹಳೆಯ ಪಟ್ಟಿಯನ್ನು ಅಕ್ಷರ ತಪ್ಪದಂತೆ ಹೊಸ ಪುಸ್ತಕಕ್ಕೆ ಇಳಿಸಿಕೊಂಡು, ಕಾಫಿಯನ್ನು ಹೊಗಳಿ ಎದ್ದು ಹೋಗಿದ್ದ. ಕಾಫಿ ಕೊಟ್ಟವಳು ಯಾರು ಎಂಬ ಪ್ರಶ್ನೆ ಅವನಿಗೆ ಬರಲಿಲ್ಲ.

ಹೆಂಚಿನ ಮೇಲಿನ ರೊಟ್ಟಿ ಸೀದಿತು. ಈ ದಿನಕ್ಕಾಗಿ ಅವಳು ತಿಂಗಳಿನಿಂದ ಕಾದಿದ್ದಳು. ಯಾವ ಅಭ್ಯರ್ಥಿಯ ಮೇಲಿನ ಪ್ರೀತಿಯಿಂದಲೂ ಅಲ್ಲ. ಸರ್ಕಾರದ ಪುಸ್ತಕ ತೆಗೆದು ಅಧಿಕಾರಿಯೊಬ್ಬರು ಗಟ್ಟಿಯಾಗಿ ಹೆಸರು ಕೂಗುತ್ತಾರಂತೆ. ಆಮೇಲೆ ಪರದೆಯ ಹಿಂದೆ ಒಬ್ಬೊಬ್ಬರೇ ಹೋಗಬೇಕಂತೆ. ಈ ಮನೆಯಲ್ಲಿ ಯಾರೂ ಅವಳ ಹೆಸರನ್ನು ಪೂರ್ತಿ ಕೂಗಿದವರಿಲ್ಲ. ಅತ್ತೆ ವೀರಮ್ಮನ ಬಾಯಲ್ಲಿ ಅವಳು 'ಇವಳೇ'. ಬೇಳೆ ಬೇಯದಿದ್ದರೆ, ಮೊಸರು ಹುಳಿಯಾದರೆ, ಕೊನೆಗೆ ಮಳೆ ತಡವಾದರೂ 'ನಿರ್ಮಲ ಇದ್ದಿದ್ರೆ' ಎಂದು ಅತ್ತೆಯ ಮಾತು ಶುರುವಾಗುತ್ತಿತ್ತು. ಸರ್ಕಾರವಾದರೂ ಒಂದು ಸಲ ನೀಲಾಂಬಿಕ ಎನ್ನಲಿ ಎಂಬುದಷ್ಟೇ ಅವಳ ಆಸೆ. ಸರ್ಕಾರವೂ ಅತ್ತೆಯ ಪಕ್ಷ ಸೇರಿತ್ತು.

"ಹಂಗಾದ್ರೆ ನಾನು ಹೋಗಲ್ಲ ಬಿಡ್ರಿ," ಎಂದಳು.

ಮಹೇಶ್ವರಪ್ಪ ಒಪ್ಪಲಿಲ್ಲ. ಅವನದು ದಿನಸಿ ಅಂಗಡಿ. ಅಂಗಡಿಯವರೆಲ್ಲ ಸೇರಿ ನಿಲ್ಲಿಸಿದ ಅಭ್ಯರ್ಥಿಯ ಗುರುತು ತಕ್ಕಡಿ. ಮನೆಗೆ ಮೂರು ವೋಟು ಎಂದು ಅವನು ಮುಖಂಡರಿಗೆ ಮಾತು ಕೊಟ್ಟಾಗಿತ್ತು. ಪಟ್ಟಿಯಲ್ಲಿರುವುದು ಮಹೇಶ್ವರಪ್ಪನ ಹೆಂಡತಿ, ನೀನೂ ಮಹೇಶ್ವರಪ್ಪನ ಹೆಂಡತಿ, ಇದರಲ್ಲಿ ಸುಳ್ಳೇನು ಬಂತು ಎಂದು ಅವನ ವಾದ. ಅವಳು ಹೋಗಿ ನಿರ್ಮಲಮ್ಮ ಎಂದರೆ ಮುಗಿಯಿತು. ಒಳಗೆ ಅಭ್ಯರ್ಥಿಗೊಂದರಂತೆ ಪೆಟ್ಟಿಗೆ ಇಟ್ಟಿರುತ್ತಾರೆ, ಒಂದೊಂದಕ್ಕೂ ಗುರುತಿನ ಚಿತ್ರ ಅಂಟಿಸಿರುತ್ತಾರೆ, ತಕ್ಕಡಿ ಇರುವ ಪೆಟ್ಟಿಗೆಗೆ ಕಾಗದ ಹಾಕಿ ಬರಬೇಕು.

ಬೆಂಕಿ ಕೇಳಲು ಹಿತ್ತಿಲ ಬಾಗಿಲಿಗೆ ಬಂದಿದ್ದ ಪಕ್ಕದ ಮನೆಯ ಹುಲಿಯಮ್ಮ ಎಲ್ಲವನ್ನೂ ಕೇಳಿಸಿಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತಳು.

"ತಕ್ಕಡಿನಾ? ನಿಮ್ಮ ಅಂಗಡಿ ತಕ್ಕಡಿ ಸುದ್ದಿ ಊರಿಗೇ ಗೊತ್ತೈತೆ, ಅದನ್ನ ಪೆಟ್ಟಿಗೆ ಮೇಲೆ ಬೇರೆ ಅಂಟಿಸ್ಯಾರಾ?" ಎಂದಳು. ನಾನು ಹುಂಜದ ಗುರುತಿಗೆ ಹಾಕುವುದು, ನೀನೂ ಅದಕ್ಕೇ ಹಾಕು ಎಂದು ನೀಲಾಂಬಿಕಳಿಗೆ ಬುದ್ಧಿ ಹೇಳಿದಳು.

ದೇವರ ಕೋಣೆಯಿಂದ ವೀರಮ್ಮ ಹೊರಗೆ ಬಂದರು. ಲಿಂಗ ಕಟ್ಟಿದವರ ಮನೆಯ ಹೆಂಗಸು ಹುಂಜದ ಪೆಟ್ಟಿಗೆಗೆ ಕೈಯಿಟ್ಟು ಅದೇ ಕೈಯಲ್ಲಿ ಅಡಿಗೆ ಮಾಡುವುದು ಹೇಗೆ ಎಂಬುದು ಅವರ ಚಿಂತೆ.

ಹುಲಿಯಮ್ಮನಿಗೆ ಬೇರೆಯದೇ ಸಂಶಯ. "ಅಲ್ರೀ ಅಮ್ಮಾರೇ, ಸಿಕ್ಕಿಬಿದ್ರೆ ಜೈಲಿಗೆ ಯಾರನ್ನ ಹಾಕ್ತಾರೆ? ಸತ್ತೋಳನ್ನೋ, ಬದುಕಿರೋಳನ್ನೋ?"

ಸಿಕ್ಕಿಬೀಳದಂತೆ ನೋಡಿಕೊಳ್ಳುವ ಕೆಲಸವನ್ನು ವೀರಮ್ಮ ವಹಿಸಿಕೊಂಡರು. ಬಟ್ಟೆಯ ಪೆಟ್ಟಿಗೆಯಿಂದ ನಿರ್ಮಲಮ್ಮನ ಕಡುಗೆಂಪು ಸೀರೆ ಹೊರಬಂತು. ನಲವತ್ತೊಂದು ವಯಸ್ಸು ಕಾಣಲಿ ಎಂದು ನೀಲಾಂಬಿಕಳ ಕಿವಿಯ ಪಕ್ಕದ ಕೂದಲಿಗೆ ಜೋಳದ ಹಿಟ್ಟು ಸವರಿದರು. ತಲೆ ಬಗ್ಗಿಸಬೇಡ, ಅವಳು ನಿನಗಿಂತ ಗೇಣುದ್ದ ಎತ್ತರ ಇದ್ದಳು ಎಂದರು. ಕೊನೆಗೆ ಅವರಿಗೆ ಇನ್ನೊಂದು ನೆನಪಾಯಿತು: "ಅವಳಿಗೆ ಒಂದು ಕಾಲು ಸ್ವಲ್ಪ ಎಳೀತಿತ್ತು. ಎಳ್ಕೊಂಡು ನಡಿ."

ಹೀಗೆ, ಬೆಳಿಗ್ಗೆ ರೊಟ್ಟಿ ತಟ್ಟುತ್ತ ಕೂತಿದ್ದ ನೀಲಾಂಬಿಕ ಹತ್ತು ಗಂಟೆಯ ಹೊತ್ತಿಗೆ ಸತ್ತವಳಾಗಿ ಪೇಟೆ ಬೀದಿಯಲ್ಲಿ ಹೊರಟಳು. ಬಿಸಿಲಿಗೆ ಬೆವರು ಇಳಿದು ಹಿಟ್ಟು ಕಿವಿಯ ಬಳಿ ಕಲಸಿ ಉಂಡೆಯಾಯಿತು. ಕುಂಟುವುದು ಕಂಡು ಊರು ಸುಮ್ಮನಿರಲಿಲ್ಲ. ಬಳೆಗಾರ ಎಕ್ಕದ ಎಲೆ ಬಿಸಿಮಾಡಿ ಕಟ್ಟು ಎಂದ. ದರ್ಜಿಯ ಹೆಂಡತಿ ಸೊರಬದಲ್ಲಿ ಒಬ್ಬ ನಾಟಿ ವೈದ್ಯನಿದ್ದಾನೆ, ಹೆಸರು ಮರೆತಿದೆ, ಆದರೆ ಕೈಗುಣ ಒಳ್ಳೆಯದು ಎಂದಳು. ನಿನ್ನೆ ಸಂಜೆ ನೆಟ್ಟಗೆ ನೀರು ಹೊತ್ತುಕೊಂಡು ಹೋದವಳಿಗೆ ರಾತ್ರೋರಾತ್ರಿ ಏನಾಯಿತು ಎಂದು ಒಬ್ಬರು ಮಹೇಶ್ವರಪ್ಪನ ಮುಖವನ್ನೇ ದುರುಗುಟ್ಟಿ ನೋಡಿದರು. ಅವನು ಚಪ್ಪಲಿ ಬಡಿಯುತ್ತ ಹತ್ತು ಹೆಜ್ಜೆ ಮುಂದೆ ಹೋಗಿಬಿಟ್ಟ.

ವೋಟು ನಡೆಯುತ್ತಿದ್ದದ್ದು ಶಾಲೆಯ ದೊಡ್ಡ ಕೋಣೆಯಲ್ಲಿ. ಅಧಿಕಾರಿ ಮೈಸೂರು ಕಡೆಯವರು; ಕತ್ತಿಗೆ ಮಫ್ಲರು ಸುತ್ತಿ, ನೆಗಡಿಗೆ ಮೂಗು ಒರೆಸುತ್ತ ಕೂತಿದ್ದರು. ಅವರೆದುರಿನ ಬೆಂಚಿನ ಮೇಲೆ ಪಕ್ಷಗಳ ಏಜೆಂಟರು. ಹುಂಜದ ಕಡೆಯ ಏಜೆಂಟನನ್ನು ಕಂಡದ್ದೇ ಮಹೇಶ್ವರಪ್ಪನ ಮುಖ ಹಿಟ್ಟು ಸವರಿದಂತಾಯಿತು. ಅವನು ಪರಮಶಿವಪ್ಪ. ನಿರ್ಮಲಮ್ಮನ ಒಡಹುಟ್ಟಿದ ಅಣ್ಣ. ಊರು ಕುಬಟೂರಾದರೂ ಶಿಕಾರಿಪುರದಲ್ಲಿ ಬೆಲ್ಲದ ಮಂಡಿ ಇಟ್ಟು ಹತ್ತು ವರ್ಷವಾಗಿತ್ತು. ತಂಗಿ ಸತ್ತ ಮೇಲೆ ಒಂದು ಗದ್ದೆಯ ತಕರಾರಿನಲ್ಲಿ ಭಾವನ ಜೊತೆ ಮಾತು ಬಿಟ್ಟಿದ್ದ.

ಹಿಂದಕ್ಕೆ ಹೋಗೋಣವೆಂದರೆ ಸಾಲು ಹಿಂದಿನಿಂದ ನೂಕುತ್ತಿತ್ತು. "ಹೆಸರೇನಮ್ಮ?" ಎಂದು ಅಧಿಕಾರಿ ಕೇಳಿದರು.

ನೀಲಾಂಬಿಕ ಹೆಸರು ಹೇಳದೆ ಚೀಟಿಯನ್ನು ಮುಂದೆ ಹಿಡಿದಳು. ಬೆಳಗಿನಿಂದ ಹೆಸರು ಹೇಳಲು ನಾಚುವ ಹೆಂಗಸರನ್ನೇ ನೋಡಿ ಬೇಸತ್ತಿದ್ದ ಅಧಿಕಾರಿ ಚೀಟಿಯನ್ನು ತಾವೇ ತೆಗೆದುಕೊಂಡು ಗಟ್ಟಿಯಾಗಿ ಓದಿದರು. "ನಿರ್ಮಲಮ್ಮ. ಹೌದೇನಮ್ಮ?"

ಅವಳು ತಲೆಯಾಡಿಸಿದಳು. ಪರಮಶಿವಪ್ಪ ನಿಧಾನವಾಗಿ ಎದ್ದು ನಿಂತ.

"ಸ್ವಾಮಿ, ನಂದೊಂದು ತಕರಾರು. ನಮ್ಮ ತಂಗಿಗೆ ಎಳೀತಿದ್ದದ್ದು ಎಡಗಾಲು. ಈಯಮ್ಮ ಬಲಗಾಲು ಎಳೀತಿದಾರೆ."

ಕೋಣೆಯೆಲ್ಲ ನಕ್ಕಿತು. ಅಧಿಕಾರಿ ನಗಲಿಲ್ಲ. ಇನ್ನೊಬ್ಬರ ಹೆಸರಿನಲ್ಲಿ ವೋಟು ಹಾಕಲು ಬಂದವರನ್ನು ಪೊಲೀಸಿಗೆ ಒಪ್ಪಿಸಬೇಕಾಗುತ್ತದೆ, ಕಳಿಸಿದವರನ್ನೂ ಸೇರಿಸಿ ಎಂದರು. ಬಾಗಿಲಲ್ಲಿದ್ದ ಪೊಲೀಸಿನವನು ಕರೆದರೇನೋ ಎಂದು ಒಂದು ಹೆಜ್ಜೆ ಒಳಗೆ ಬಂದ. ಮಹೇಶ್ವರಪ್ಪ ಗಡಿಬಿಡಿಯಿಂದ, ಕಾಲು ಯಾವುದಾದರೇನು, ಇವಳು ನನ್ನ ಹೆಂಡತಿ ನಿರ್ಮಲಮ್ಮನೇ, ಗಂಡನಿಗಿಂತ ಹೆಚ್ಚಿನ ಗುರುತು ಯಾರಿಗಿದ್ದೀತು ಎಂದು ಹೇಳಿಬಿಟ್ಟ.

ನೀಲಾಂಬಿಕಳಿಗೆ ತಾನು ನಾಲ್ಕು ವರ್ಷ ಬಡಿಸಿದ ಊಟವನ್ನೆಲ್ಲ ಅವನು ಒಂದೇ ಮಾತಿನಲ್ಲಿ ಇನ್ನೊಬ್ಬಳ ಹೆಸರಿಗೆ ಬರೆದುಬಿಟ್ಟಂತಾಯಿತು.

ಈಗ ಪರಮಶಿವಪ್ಪ ಇದ್ದಕ್ಕಿದ್ದಂತೆ ಮೆತ್ತಗಾದ. "ಭಾವನೇ ಹೇಳಿದ ಮೇಲೆ ನನ್ನದೇನಿದೆ ಸ್ವಾಮಿ. ಇದನ್ನೇ ಒಂದು ಕಾಗದದಾಗೆ ಬರೆದುಕೊಡ್ಲಿ. ನಾನು ಕೂತ್ಕೋತೀನಿ."

ಬರೆಯಬೇಕಾದ್ದನ್ನು ಅವನೇ ಹೇಳಿಕೊಟ್ಟ. ನನ್ನ ಪಕ್ಕದಲ್ಲಿ ನಿಂತಿರುವಾಕೆ ಕುಬಟೂರಿನ ದಿವಂಗತ ಸದಾಶಿವಪ್ಪನವರ ಮಗಳೂ ನನ್ನ ಧರ್ಮಪತ್ನಿಯೂ ಆದ ನಿರ್ಮಲಮ್ಮನೇ ಹೊರತು ಬೇರೆಯವಳಲ್ಲ, ಈಕೆ ಬದುಕಿದ್ದಾಳೆ ಎಂದು ಮಹೇಶ್ವರಪ್ಪ ಬೆವರು ಒರೆಸಿಕೊಳ್ಳುತ್ತ ಬರೆದು ಸಹಿ ಹಾಕಿದ. ಎರಡು ಪ್ರತಿ ಆಯಿತು. ತಮ್ಮ ಪಕ್ಷದವರಿಗೆ ತೋರಿಸಬೇಕೆಂದು ಪರಮಶಿವಪ್ಪ ಒಂದನ್ನು ಕೇಳಿದ. ಅಧಿಕಾರಿ ಎರಡಕ್ಕೂ ರುಜು ಹಾಕಿ, ಒಂದು ಸಲ ಸೀನಿ, ಒಂದನ್ನು ಕೊಟ್ಟರು.

ನೀಲಾಂಬಿಕಳ ಎಡಗೈ ತೋರುಬೆರಳಿಗೆ ಮಸಿ ಬಿತ್ತು. ಕಾಗದ ಹಿಡಿದು ಅವಳು ಪರದೆಯ ಹಿಂದೆ ಹೋದಳು.

ಅಲ್ಲಿ ಮೂರು ಕಬ್ಬಿಣದ ಪೆಟ್ಟಿಗೆ. ತಕ್ಕಡಿಯ ಪೆಟ್ಟಿಗೆಗೆ ಯಾರೋ ಕುಂಕುಮ ಹಚ್ಚಿದ್ದರು. ಹುಂಜದ ಪೆಟ್ಟಿಗೆಯ ಮೇಲೆ ಸೇವಂತಿಗೆ ಹೂವು, ಒಂದಷ್ಟು ಅಕ್ಕಿಕಾಳು. ಮೂರನೆಯದು ದೋಣಿ; ಅದರ ಮೇಲೆ ಏನೂ ಇರಲಿಲ್ಲ. ಬೆಳಗಿನಿಂದ ದೋಣಿಗೆ ಹಾಕು ಎಂದು ಅವಳಿಗೆ ಹೇಳಿದವರು ಒಬ್ಬರೂ ಇಲ್ಲ. ಈ ವೋಟು ನನ್ನದಲ್ಲ, ಅಕ್ಕಾ, ನೀನೇ ಹೇಳು ಎಲ್ಲಿ ಹಾಕಲಿ ಎಂದು ಅವಳು ಮನಸ್ಸಿನಲ್ಲೇ ಕೇಳಿದಳು. ಕೇಳಿದ ಮೇಲೆ ನಗು ಬಂತು. ನಿರ್ಮಲಮ್ಮನನ್ನು ಯಾರಾದರೂ ಹೀಗೆ ನಿನ್ನಿಷ್ಟವೇನು ಎಂದು ಕೇಳಿದ್ದು ಇದೇ ಮೊದಲಿರಬೇಕು. ಕಾಗದವನ್ನು ದೋಣಿಯ ಪೆಟ್ಟಿಗೆಗೆ ಇಳಿಬಿಟ್ಟು, ಕುಂಟುವುದನ್ನು ಮರೆತು ನೆಟ್ಟಗೆ ನಡೆದು ಹೊರಗೆ ಬಂದಳು. ಮಹೇಶ್ವರಪ್ಪ ಹೊರಗೆ ಮುಖಂಡರ ಮುಂದೆ ಮೂರು ಬೆರಳು ಎತ್ತಿ ತೋರಿಸುತ್ತಿದ್ದ.

ಸಂಜೆ ನಾಲ್ಕರ ಹೊತ್ತಿಗೆ ಜಗಲಿಯ ಮೇಲೆ ಪರಮಶಿವಪ್ಪ ಬಂದು ಕೂತ. ಐದು ವರ್ಷದಲ್ಲಿ ಅವನು ಈ ಹೊಸ್ತಿಲು ತುಳಿದಿರಲಿಲ್ಲ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಮಲ್ಲಿಗೆ ದಂಡೆ, ಒಂದು ಹಸಿರು ಕುಪ್ಪಸದ ಕಣ.

"ತಂಗಿ ಬದುಕಿದಾಳೆ ಅಂತ ಗೊತ್ತಾಯ್ತು. ನೋಡ್ಕೊಂಡು ಹೋಗೋಣ ಅಂತ ಬಂದೆ ಭಾವ," ಎಂದ.

ಮಹೇಶ್ವರಪ್ಪ ತಮಾಷೆಯೆಂದು ನಗಲು ಹೋದ. ಪರಮಶಿವಪ್ಪ ಜೇಬಿನಿಂದ ಬೆಳಗಿನ ಕಾಗದ ತೆಗೆದು ತೊಡೆಯ ಮೇಲೆ ಹರಡಿಕೊಂಡ. ಕುಬಟೂರಿನ ಎರಡೆಕರೆ ಗದ್ದೆಯನ್ನು ಸದಾಶಿವಪ್ಪನವರು ಮಗಳಿಗೆ ಮದುವೆಯಲ್ಲಿ ಅರಿಶಿನ ಕುಂಕುಮಕ್ಕೆಂದು ಕೊಟ್ಟಿದ್ದರು. ಅವಳು ಸತ್ತ ತಿಂಗಳೊಳಗೆ ಮಹೇಶ್ವರಪ್ಪ ಸೊರಬದ ಕಚೇರಿಗೆ ಹೋಗಿ, ಹೆಂಡತಿ ತೀರಿಹೋದಳೆಂದು ಅರ್ಜಿ ಕೊಟ್ಟು, ಪೌತಿ ಖಾತೆ ಮಾಡಿಸಿ ಗದ್ದೆಯನ್ನು ತನ್ನ ಹೆಸರಿಗೆ ತಿರುಗಿಸಿಕೊಂಡಿದ್ದ. ಗದ್ದೆ ತವರಿಗೆ ಹಿಂತಿರುಗಲಿ ಎಂದು ಪರಮಶಿವಪ್ಪ ಅಲೆದದ್ದೆಲ್ಲ ವ್ಯರ್ಥವಾಗಿತ್ತು.

"ಸಾಯದೇ ಇರೋಳ ಗದ್ದೆಗೆ ಪೌತಿ ಖಾತೆ ಹೆಂಗಾಯ್ತು ಭಾವ? ನಾಳೆ ಹತ್ತು ಗಂಟೆಗೆ ಅಮಲ್ದಾರರು ಕಚೇರಿಗೆ ಬರೋಕೆ ಹೇಳಿದಾರೆ. ತಂಗೀನೂ ಕರ್ಕೊಂಡು ಬನ್ನಿ. ನೀನು ಯಾರಮ್ಮ ಅಂತ ಅವಳನ್ನೇ ಕೇಳ್ತಾರಂತೆ."

ಕಣವನ್ನು ನೀಲಾಂಬಿಕಳ ಕೈಗೆ ಕೊಡುವಾಗ ದನಿ ತಗ್ಗಿಸಿದ. "ನಿರ್ಮಲ ಅಂತ ಹೇಳಿಬಿಡವ್ವ. ಗದ್ದೆ ನಿನ್ನ ಹೆಸರಿಗೆ ಬರ್ತದೆ. ಆಮೇಲೆ ಅದನ್ನ ಅಣ್ಣನಿಗೆ ಬರೆದುಕೊಡೋ ಕಾಗದಕ್ಕೊಂದು ಹೆಬ್ಬೆಟ್ಟು ಒತ್ತಿದ್ರಾತು."

ಅವನು ಹೋದ ಮೇಲೆ ಮಹೇಶ್ವರಪ್ಪ ಜಗಲಿಯಿಂದ ಹಿತ್ತಿಲಿಗೂ ಹಿತ್ತಿಲಿನಿಂದ ಜಗಲಿಗೂ ಓಡಾಡಿದ. ನೀನು ನೀಲಾಂಬಿಕ, ಗಟ್ಟಿಯಾಗಿ ಹೇಳಬೇಕು, ಬೇಕಾದರೆ ಈಗಲೇ ಒಂದು ಸಲ ಹೇಳು ನೋಡೋಣ ಎಂದ. ಹಾಗಾದರೆ ಬೆಳಿಗ್ಗೆ ಸಹಿ ಹಾಕಿದ್ದು ಸುಳ್ಳೆಂದು ಆಗುವುದಿಲ್ಲವೇ ಎಂದು ವೀರಮ್ಮ ಕೇಳಿದರು. ಸುಳ್ಳಿಗೆ ವಕೀಲರಿದ್ದಾರೆ, ಗದ್ದೆಗೆ ಯಾರೂ ಇಲ್ಲ ಎಂದು ಅವನು ತಲೆ ಹಿಡಿದುಕೊಂಡು ಕೂತ.

ವೀರಮ್ಮ ಬಾಯಿ ಸರಿಮಾಡಿಕೊಂಡು, ಅಪರಿಚಿತ ಊರಿನ ಹೆಸರು ಹೇಳುವವರಂತೆ ಕರೆದರು: "ನೀಲಾಂ... ನೀಲಾಂಬಿಕಾ, ಬಾ ತಾಯಿ. ಬೆಳಗಿನಿಂದ ನಿಂತೇ ಇದ್ದಿ. ಒಂದಿಷ್ಟು ಕಾಫಿ ಕುಡಿ."

ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ಅವಳ ಹೆಸರು ಪೂರ್ತಿಯಾಗಿ ಕೇಳಿಸಿತು. ಕಿವಿಗೆ ಇಂಪಾಗಿಯೇನೂ ಇರಲಿಲ್ಲ. ಎರಡೆಕರೆ ಗದ್ದೆಯ ಕೆಸರು ಅದಕ್ಕೆ ಮೆತ್ತಿಕೊಂಡಿತ್ತು.

ಕಾಫಿ ಕುಡಿದು ಅವಳು ದೀಪದ ಗಾಜು ಒರೆಸಲು ಕೂತಳು. ಅತ್ತೆ, ಗಂಡ ಇಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದರು. ಬೂದಿಯಲ್ಲಿ ಬಟ್ಟೆ ಅದ್ದಿ ಗಾಜಿನೊಳಗೆ ತಿರುಗಿಸುತ್ತ ಅವಳು ಲೆಕ್ಕ ಹಾಕಿದಳು. ನಿರ್ಮಲಮ್ಮನಿಗೆ ಪಟ್ಟಿಯಲ್ಲಿ ನಂಬರಿದೆ, ವೋಟಿದೆ, ಕಣ ತರುವ ಅಣ್ಣನಿದ್ದಾನೆ, ಬದುಕಿದ್ದಾಳೆಂದು ಗಂಡನೇ ಬರೆದುಕೊಟ್ಟ ಕಾಗದವಿದೆ. ನಾಳೆ ಅವಳ ಹೆಸರಿಗೆ ಎರಡೆಕರೆ ಗದ್ದೆ. ಹೆಬ್ಬೆಟ್ಟು ಒತ್ತುವುದು ಬಿಡುವುದು ಆ ಮೇಲೆ ಅವಳಿಗೇ ಸೇರಿದ ಮಾತು. ಅದನ್ನು ಯಾವ ಅಣ್ಣನೂ ಬಲವಂತ ಮಾಡಲಾರ. ನೀಲಾಂಬಿಕ ಎಂಬುವವಳ ಹೆಸರಿಗೆ ಈ ಊರಿನ ಯಾವ ಪುಸ್ತಕದಲ್ಲೂ ಒಂದು ಗೆರೆ ಇಲ್ಲ.

"ನಾಳೆ ಅಲ್ಲಿ ಏನು ಹೇಳ್ತಿ?" ಎಂದು ಮಹೇಶ್ವರಪ್ಪ ಮೂರನೆಯ ಸಲ ಕೇಳಿದ.

"ಕೇಳಿದ್ದಕ್ಕೆ ಉತ್ತರ ಹೇಳ್ತೀನ್ರಿ," ಎಂದಳು.

ಅವನು ಸಮಾಧಾನದಿಂದ ಉಸಿರು ಬಿಟ್ಟ. ಅವಳು ಗಾಜನ್ನು ದೀಪಕ್ಕೆ ಕೂರಿಸಿ, ಬತ್ತಿ ಏರಿಸಿದಳು. ಇಬ್ಬರು ಹೆಂಡಿರಲ್ಲಿ ಸತ್ತವಳು ಯಾರು ಎಂಬುದನ್ನು ಅಷ್ಟರಲ್ಲಿ ಅವಳು ತೀರ್ಮಾನಿಸಿಯಾಗಿತ್ತು.